ನಾಲ್ಕು ಎಂದು ಬರೆದೆ

ತಪಾಸಣೆಗೆ ಬಂದ ಅಧಿಕಾರಿ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಎರಡು ಸುತ್ತು ಹಾಕಿ, ನನ್ನ ಮೇಜಿನ ಮುಂದೆ ಕೂತು, "ಈ ಕಡೆ ಮಕ್ಕಳಿಗೆ ಕಂಟೈನರು ಗಿಂಟೈನರು ಎಲ್ಲ ಯಾಕಮ್ಮ? ಟೈಪಿಂಗ್ ಕಲಿಸಿ, ಸಾಕು" ಎಂದರು. ನಾನು ಹುಣಸೂರಿನ ಬಡಗಿಯ ಮಗಳು. ಊಟಕ್ಕೆ ಕೂತಾಗ ಬಿಟ್ಟರೆ ಬೇರೆಲ್ಲೂ 'ಸಾಕು' ಎಂಬ ಮಾತು ನನಗೆ ಹಿಡಿಸುವುದಿಲ್ಲ. ಮೈಯೆಲ್ಲ ಉರಿದುಹೋಯಿತು, ಆದರೆ ಅತಿಥಿ ಉಪನ್ಯಾಸಕಿಯ ನಾಲಿಗೆಗೆ ಅಷ್ಟು ಉದ್ದವಿರುವುದಿಲ್ಲ.

ಅವರು ಹೇಳಿದ್ದರ ಸಾರ ಇಷ್ಟೇ. ನಾನು ಕಲಿಸುವ ಸರ್ವರ್, ಕಂಟೈನರುಗಳ ವಿಷಯದ ಪ್ರಾಯೋಗಿಕ ತರಗತಿಗೆ ನಾಲ್ಕು ಸರ್ವರ್ ಯಂತ್ರ ಇರಬೇಕೆಂಬುದು ನಿಯಮ. ಮೂರು ವಾರದಲ್ಲಿ ಮತ್ತೆ ಬರುತ್ತಾರೆ. ಆಗಲೂ ಇಲ್ಲದಿದ್ದರೆ ಆ ವಿಷಯ ನಮ್ಮಲ್ಲಿ ಬಂದ್, ಬೇಕಾದವರು ಮೈಸೂರಿನ ಕಾಲೇಜಿಗೆ ಹೋಗಿ ಓದಬೇಕು. ಅದನ್ನು ಆರಿಸಿಕೊಂಡಿದ್ದವರು ಹನ್ನೊಂದು ಮಂದಿ, ಅದರಲ್ಲಿ ಒಂಬತ್ತು ಹುಡುಗಿಯರು. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮನೆ ಸೇರಬಹುದು ಎಂಬ ಒಂದೇ ಕಾರಣಕ್ಕೆ ಮನೆಯವರು ಅವರನ್ನು ಇಲ್ಲಿಗೆ ಕಳಿಸಿದ್ದರು. ಮೈಸೂರು ಎಂದರೆ ಓದು ಅಲ್ಲಿಗೆ ಮುಗಿದಂತೆ.

ಮೂಲೆಯಲ್ಲಿ ಒಂದು ಹಳೆಯ ಕರಿ ಸರ್ವರ್ ಇತ್ತು. ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟದ್ದು. ಅದರ ಮೇಲೆ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದರು. ಹೂದಾನಿ ತೆಗೆದು ಕಿಟಕಿಗಿಟ್ಟೆ.

ಒಂದು ಯಂತ್ರದೊಳಗೆ ನಾಲ್ಕು ಯಂತ್ರ ಮಾಡುವುದು ಹೊಸ ವಿದ್ಯೆಯೇನಲ್ಲ. ನಾನು ಮಕ್ಕಳಿಗೆ ಹೇಳಿದ್ದು ನನ್ನ ಅಬ್ಬಾ ಮಾಡುತ್ತಿದ್ದ ಬೀರುವಿನ ಲೆಕ್ಕದಲ್ಲಿ. ಹೊರಗಿನ ಕಟ್ಟು ಒಂದೇ, ಒಳಗೆ ಹಲಗೆ ಹೊಡೆದು ನಾಲ್ಕು ಖಾನೆ ಮಾಡಿದರೆ ಒಂದರ ಬಟ್ಟೆ ಇನ್ನೊಂದಕ್ಕೆ ಬೀಳುವುದಿಲ್ಲ. ಆ ಖಾನೆಗಳೇ ವರ್ಚುವಲ್ ಯಂತ್ರಗಳು. ಒಂದೊಂದಕ್ಕೂ ತನ್ನ ಪಾಲಿನ ಮೆಮೊರಿ, ತನ್ನ ಪಾಲಿನ ಡಿಸ್ಕು, ನೆಟ್‌ವರ್ಕಿನಲ್ಲಿ ತನ್ನದೇ ವಿಳಾಸ. ಕಂಟೈನರ್ ಎಂದರೆ ಖಾನೆಯೊಳಗೆ ಇಡುವ ಡಬ್ಬಿ. ಒಂದು ಕೆಲಸಕ್ಕೆ ಬೇಕಾದಷ್ಟನ್ನೇ ತುಂಬಿ ಮುಚ್ಚಳ ಹಾಕಿದ್ದು, ಯಾವ ಖಾನೆಯಲ್ಲಿಟ್ಟರೂ ಅಷ್ಟೇ ಕೆಲಸ ಮಾಡುತ್ತದೆ.

ತಪ್ಪು ಮಾಡಿದ್ದು ನಾನೇ. ಕಾಲೇಜಿನ ಇಂಟರ್ನೆಟ್ಟು ಎಮ್ಮೆ ನಡಿಗೆಯದು, ಬೇಕಾದ್ದನ್ನೆಲ್ಲ ಇಳಿಸಿಕೊಂಡು ಒಂದು ಯಂತ್ರ ಸಿದ್ಧಮಾಡುವಷ್ಟರಲ್ಲಿ ಎರಡು ದಿನ ಹೋಯಿತು. ಉಳಿದ ಮೂರಕ್ಕೂ ಯಾರು ಕಾಯುತ್ತಾರೆ ಎಂದು ಮೊದಲನೆಯದನ್ನೇ ಮೂರು ನಕಲು ಮಾಡಿಟ್ಟೆ. ಒಂದೊಂದಾಗಿ ಎಬ್ಬಿಸಿದರೆ ಎಲ್ಲವೂ ಸರಿಯಾಗಿದ್ದವು. ನಾಲ್ಕನ್ನೂ ಒಟ್ಟಿಗೆ ಎಬ್ಬಿಸಿದ್ದೇ ತಡ, ಎಲ್ಲ ಹದಗೆಟ್ಟಿತು. ಒಂದನ್ನು ಕೂಗಿದರೆ ಇನ್ನೊಂದು ಓಗೊಡುತ್ತದೆ, ಮರುಕ್ಷಣ ಯಾವುದೂ ಇಲ್ಲ. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ವಿನಾಕಾರಣ ಅಟೆಂಡರ್ ಮೇಲೆ ರೇಗಿದೆ. ಒಂದು ವಾರ ಹೀಗೇ ಹಾಳಾಯಿತು.

ಕಟ್ಟೆಮಳಲವಾಡಿಯಿಂದ ಬರುತ್ತಿದ್ದ ಒಬ್ಬಳು ಹುಡುಗಿ, ಹೊಗೆಸೊಪ್ಪು ಬೆಳೆಯುವ ಮನೆಯವಳು, ಪರದೆಯನ್ನೇ ನೋಡುತ್ತ ನಿಂತಿದ್ದಳು. ಇದ್ದಕ್ಕಿದ್ದಂತೆ, "ಇದು ನಮ್ಮ ಮನೆ ಕತೆನೇ ಕಣ್ ಮಿಸ್" ಎಂದಳು.

"ಏನೇ ಅದು?"

"ನಮ್ಮದು ಮೂರು ಮನೆ ಮಿಸ್. ಪಾಲಾಗಿ ಎಷ್ಟೋ ವರ್ಸ ಆಯ್ತು. ಮೂರು ಬ್ಯಾರನ್ನು ಬ್ಯಾರೆ ಬ್ಯಾರೆ. ಆದ್ರೆ ಲೈಸನ್ಸು ಇರಾದು ಒಂದೇ, ದೊಡ್ಡಪ್ಪನ ಎಸರಲ್ಲಿ. ಹರಾಜಲ್ಲಿ ಆ ನಂಬರ್ ಕೂಗುದ್ರೆ ಮೂರು ಮನೇವ್ರೂ ಎದ್ದು ಓಯ್ತಾರೆ. ಯಾರ ಸೊಪ್ಪಿನ ಬೇಲು ಅಂತ ಅಲ್ಲಿ ಯಾರ್ಗೂ ಗೊತ್ತಾಗಕಿಲ್ಲ. ನಮ್ಮವ್ವ ಇಂದೆ ನಿಂತಿರ್ತಾಳೆ."

ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಗೂಡು. ಇವರ ಕಡೆ ಅದು ಮನೆಗಿಂತ ಮುಖ್ಯ. ಅವಳ ಮಾತು ಮುಗಿಯುವ ಮೊದಲೇ ನಾನು ಕೀಬೋರ್ಡಿನ ಮುಂದೆ ಕೂತಿದ್ದೆ. ಪ್ರತಿ ಯಂತ್ರವೂ ಮೊದಲ ಸಲ ಎದ್ದಾಗ ತನಗೊಂದು ಗುರುತಿನ ಸಂಖ್ಯೆ ಬರೆದಿಟ್ಟುಕೊಳ್ಳುತ್ತದೆ. ನಾನು ಆ ಸಂಖ್ಯೆಯ ಸಮೇತ ನಕಲು ಮಾಡಿದ್ದೆ. ವಿಳಾಸ ಹಂಚುವ ವ್ಯವಸ್ಥೆ ನಾಲ್ಕನ್ನೂ ಒಂದೇ ಎಂದುಕೊಂಡು ನಾಲ್ಕಕ್ಕೂ ಒಂದೇ ವಿಳಾಸ ಕೊಟ್ಟಿತ್ತು. ಆ ಸಂಖ್ಯೆ ಅಳಿಸಿ, ಮತ್ತೆ ಎಬ್ಬಿಸಿ, ನಾಲ್ಕಕ್ಕೂ ಬೇರೆ ಬೇರೆ ವಿಳಾಸ ಬಂದಾಗ ಹುಡುಗಿಯರು ಬೆಂಚು ಕುಟ್ಟಿದರು. ಇಷ್ಟು ಓದಿದ ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತಲ್ಲ ಎಂದು ಒಂದು ಗಳಿಗೆ ಹೊಟ್ಟೆಕಿಚ್ಚೂ ಆಯಿತು. ಅದನ್ನೇಕೆ ಮುಚ್ಚಿಡಲಿ.

ಯಂತ್ರಗಳಿಗೆ ಹೆಸರಿಡುವಾಗ ಅವರವರ ಊರನ್ನೇ ಇಟ್ಟರು. ಒಂದು ಕಟ್ಟೆಮಳಲವಾಡಿ, ಒಂದು ಭೇರ್ಯ, ಒಂದು ಪಿರಿಯಾಪಟ್ಟಣ. ಹೊರಗಿನಿಂದ ಬಂದ ಕೋರಿಕೆಯನ್ನು ಉಳಿದ ಮೂರಕ್ಕೆ ದಾಟಿಸುವ ನಾಲ್ಕನೆಯದಕ್ಕೆ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಹೆಸರು. ಎಚ್.ಡಿ. ಕೋಟೆ ಕಡೆಯ ಬಸ್ಸೆಲ್ಲ ಅಲ್ಲೇ ತಾನೇ ತಿರುಗುವುದು? ಬಸ್ಸಿನ ವೇಳೆ ತೋರಿಸುವ ಒಂದು ಪುಟ ಮಾಡಿ, ಕಂಟೈನರಿನಲ್ಲಿ ತುಂಬಿ, ಮೂರು ಊರಲ್ಲೂ ಒಂದೊಂದು ಪ್ರತಿ ಓಡಿಸಿದೆವು.

ಅಧಿಕಾರಿ ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಪರದೆ ನೋಡಿ, "ಇದೇನಮ್ಮ, ಬಸ್ ಸ್ಟ್ಯಾಂಡ್ ಬೋರ್ಡಾ?" ಎಂದು ನಕ್ಕರು. ಕಟ್ಟೆಮಳಲವಾಡಿ ಹುಡುಗಿ ನಗಲಿಲ್ಲ. "ಯಾವುದಾದ್ರೂ ಒಂದು ಊರು ಆರ್ಸಿ ಸಾ, ನಿಲ್ಲುಸ್ತೀನಿ" ಎಂದಳು. ಅವರು ಭೇರ್ಯ ಎಂದರು. ಅವಳು ಭೇರ್ಯವನ್ನು ನಿಲ್ಲಿಸಿದಳು. ಅವರ ಕೈಯಲ್ಲಿದ್ದ ಫೋನಿನಲ್ಲಿ ಬಸ್ಸಿನ ಪುಟ ತೆರೆಯುತ್ತಲೇ ಇತ್ತು. ಇನ್ನೊಂದನ್ನೂ ನಿಲ್ಲಿಸಿದಳು. ಆಗಲೂ ತೆರೆಯಿತು. ಅವರ ನಗು ಸ್ವಲ್ಪ ಕಮ್ಮಿಯಾಯಿತು.

ಆದರೂ ಫಾರಂ ತೆಗೆದು 'ಯಂತ್ರಗಳ ಸಂಖ್ಯೆ' ಎಂಬಲ್ಲಿ ಒಂದು ಎಂದು ಬರೆದರು. "ಪೆಟ್ಟಿಗೆ ಇರೋದು ಒಂದೇ ಅಲ್ಲವೇನಮ್ಮ? ಇಲ್ಲಿ ಸಹಿ ಹಾಕಿ."

ಲ್ಯಾಬಿನ ಹೊಣೆ ನನ್ನದು, ನನ್ನ ಸಹಿ ಇಲ್ಲದೆ ಆ ಕಾಗದ ಮುಂದೆ ಹೋಗುವಂತಿರಲಿಲ್ಲ. ಅಧಿಕಾರಿಯ ಜೊತೆ ಬಂದಿದ್ದ ಪ್ರಾಂಶುಪಾಲರು ಕಣ್ಣಲ್ಲೇ ಬೇಡಿಕೊಂಡರು, ಹಾಕಿಬಿಡಿ ಎಂದು. ನನ್ನ ಕೆಲಸ ವರ್ಷ ವರ್ಷ ಹೊಸದಾಗಿ ಕೊಡುವಂಥದ್ದು, ಹೋದರೆ ಕೇಳುವವರಿಲ್ಲ. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾದೀತು. ಆ ಹೆದರಿಕೆಯಲ್ಲೇ ಅವರ 'ಒಂದು' ಹೊಡೆದುಹಾಕಿ, ಪಕ್ಕದಲ್ಲಿ ನಾಲ್ಕು ಎಂದು ಅಕ್ಷರದಲ್ಲಿ ಬರೆದು, ಅದರ ಕೆಳಗೆ ಸಹಿ ಹಾಕಿದೆ.

"ಇದೇನು ಮಾಡಿದಿರಿ?"

"ಎಣಿಸಿದೆ ಸರ್. ಒಂದೊಂದಕ್ಕೂ ವಿಳಾಸ ಇದೆ, ಒಂದೊಂದೂ ಬೇರೆಯಾಗಿ ಉತ್ತರ ಕೊಡುತ್ತದೆ. ತಪ್ಪಾಗಿದ್ದರೆ ಕಾರಣ ಬರೆದು ನೀವು ಸಹಿ ಹಾಕಿ."

ಅವರು ಕಾರಣ ಬರೆಯಲಿಲ್ಲ. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟರು. ಎರಡು ತಿಂಗಳ ಮೇಲೆ ಒಂದು ಸಾಲಿನ ಆದೇಶ ಬಂತು, ಈ ವರ್ಷಕ್ಕೆ ಮುಂದುವರಿಸಬಹುದು ಎಂದು. ಮುಂದಿನ ವರ್ಷ ಮತ್ತೆ ಬರಲಿ, ನನ್ನ ಪೆನ್ನೂ ಇಲ್ಲೇ ಇರುತ್ತದೆ.

ಆದೇಶ ಬಂದ ವಾರ ಕಟ್ಟೆಮಳಲವಾಡಿ ಹುಡುಗಿ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟಳು. ಹೊಗೆಸೊಪ್ಪಿನ ಲೈಸೆನ್ಸಿಗೆ, ಬೇರೆ ನಂಬರು ಕೇಳಿ, ಅವಳ ಅವ್ವನ ಹೆಸರಿನಲ್ಲಿ.

"ಆಫೀಸ್ನವ್ರು ಕೊಡಕಿಲ್ಲ ಅಂತಾವ್ರೆ ಮಿಸ್. ದೊಡ್ಡಪ್ಪನೂ ಬ್ಯಾಡ ಅಂತಾನೆ."

"ಮತ್ತೆ?"

"ಅವ್ವ ಹಾಕೇ ಹಾಕ್ತೀನಿ ಅಂದ್ಲು."

ಬ್ಯಾರನ್‌ಗಳ ಸಂಖ್ಯೆ ಎಂಬಲ್ಲಿ ಪೆನ್ಸಿಲಿನಲ್ಲಿ ಒಂದು ಎಂದು ತುಂಬಿದ್ದಳು. ನನ್ನ ಪೆನ್ನು ಕೊಟ್ಟು, ಇಂಕಿನಲ್ಲಿ ಬರಿ ಎಂದೆ.