ದುಃಸ್ವಪ್ನ ತಿದ್ದುವ ಕವಿಗಳು

ನಾಟಕ ಕಂಪನಿಗೆ ಹಾಡು ಬರೆಯುತ್ತಿದ್ದ ಕವಿಗಳೊಬ್ಬರು ಎದುರು ಸಿಕ್ಕವರನ್ನು ‘ಊಟ ಆಯ್ತಾ’ ಎಂದು ಕೇಳಿದವರೇ ಅಲ್ಲ, ‘ರಾತ್ರಿ ಏನು ಕನಸು ಬಿತ್ತು?’ ಎಂದೇ ಕೇಳುವರು. ಕ್ಷೌರಿಕ ಕತ್ತರಿ ನಿಲ್ಲಿಸಿ ಹೇಳಬೇಕು, ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಬೇಕು. ಒಳ್ಳೆಯ ಕನಸೆಂದರೆ ಅವರಿಗೆ ಅಷ್ಟಕ್ಕಷ್ಟೇ. ಯಾರಾದರೂ ಬೆವತು ಎದ್ದು ಕೂತರೆಂದರೆ ಮಾತ್ರ ಕಿವಿ ನಿಮಿರುತ್ತಿತ್ತು. “ಹಾಡಲ್ಲಿ ಯಾರೂ ಬೀಳಬಾರ್ದು ಕಣಯ್ಯಾ, ಹಾರ್ಬೇಕು” ಎನ್ನುತ್ತ, ಮಹಡಿಯಿಂದ ಬಿದ್ದವನಿಗೆ ರೆಕ್ಕೆ ಕಟ್ಟುತ್ತಿದ್ದರು, ಅಟ್ಟಿಸಿಕೊಂಡು ಬಂದ ನಾಯಿಯನ್ನು ಜಿಂಕೆಯಾಗಿಸುತ್ತಿದ್ದರು. ಕೆಟ್ಟ ಕನಸೆಂದರೆ ದಾರಿ ತಪ್ಪಿದ ಆಸೆ, ಅದನ್ನು ಕೈಹಿಡಿದು ಮನೆ ಮುಟ್ಟಿಸುವುದೇ ಹಾಡಿನ ಕೆಲಸ ಎಂಬುದು ಅವರ ವಾದ. ಹೀಗಿರುವಾಗ, ಮಗನನ್ನು ಹೊಳೆಯಲ್ಲಿ ಕಳೆದುಕೊಂಡ ತಂಗಿ ಬಂದು ಅವರ ಮನೆಯಲ್ಲೇ ಉಳಿದಳು. ದಿನಾ ಬೆಳಗ್ಗೆ ಅವಳ ಕಣ್ಣು ಊದಿರುತ್ತಿತ್ತು. ಹುಡುಗ ನಡುನೀರಿನಿಂದ ಅವಳತ್ತ ತಿರುಗಿ ನೋಡುತ್ತಾನೆ, ಮುಳುಗುತ್ತಾನೆ. ಪ್ರತಿ ರಾತ್ರಿಯೂ ಅದೇ ಕನಸು. ಕವಿಗಳು ಇಡೀ ದಿನ ಕೂತು ಅವಳಿಗಾಗಿ ಜೋಗುಳವೊಂದನ್ನು ಬರೆದರು. ಅದರಲ್ಲಿ ಹೊಳೆಯೇ ಮಗುವನ್ನು ತೊಟ್ಟಿಲಂತೆ ತೂಗಿ ದಡಕ್ಕೆ ತಂದಿತು. ಓದಿ ಹೇಳಿದಾಗ ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ನಿಂತಿತು. “ಬೇಡ ಅಣ್ಣಾ, ಅದನ್ನ ಮಾತ್ರ ತಿದ್ಬೇಡ. ಮುಳುಗೋಕೆ ಮುಂಚೆ ಒಂದ್ಸಲ ನನ್ನ ಕಡೆ ನೋಡ್ತಾನಲ್ಲ, ಅವನ ಮುಖ ಈಗ ನಂಗೆ ಕಾಣೋದು ಅಲ್ಲಿ ಮಾತ್ರ” ಎಂದಳು. ಕವಿಗಳು ಹಾಳೆ ಮಡಿಸಿಟ್ಟು, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, “ಹೇಗೆ ನೋಡ್ತಾನೆ, ಹೇಳಮ್ಮ” ಎಂದರು.