ಹನ್ನೆರಡು ಡಬ್ಬಗಳು

ಬೆಳಗಿನ ಸೈರನ್ ಕೂಗಿತು. ಜೋಗದ ಪವರ್‌ಹೌಸಿನಿಂದ ಹೊರಟ ಆ ಕೂಗು ಕಣಿವೆಗೆ ಇಳಿದು, ಎದುರು ಗುಡ್ಡಕ್ಕೆ ತಾಗಿ, ಕ್ವಾರ್ಟರ್ಸಿನ ಹೆಂಚುಗಳ ಮೇಲೆ ಇನ್ನೊಮ್ಮೆ ಬಂದು ಕೂತಿತು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಪುಷ್ಪಮ್ಮನ ಅರ್ಧ ಕೆಲಸ ಮುಗಿದಿರುತ್ತಿತ್ತು. ಇವತ್ತು ಹಿತ್ತಿಲ ಕಡೆಯ ಜಗುಲಿಯಲ್ಲಿ, ಚಾಪೆಯ ಮೇಲೆ, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊರಗಾಗಿ ಎರಡನೆಯ ದಿನ. ಮೂರು ದಿನ ಅವಳು ಒಳಗೆ ಕಾಲಿಡುವಂತಿಲ್ಲ, ಒಂದು ಸೌಟನ್ನೂ ಮುಟ್ಟುವಂತಿಲ್ಲ. ಅಡಿಗೆ ಗಂಡ ಮಹಾಗಣಪತಿಯದು.

ಈ ಮೂರು ದಿನಗಳಿಗಾಗಿ ಅವಳು ತಿಂಗಳಿಡೀ ಕಾಯುತ್ತಿದ್ದಳೆಂಬುದು ಯಾರಿಗೂ ಗೊತ್ತಿರಲಿಲ್ಲ. ಬಾಯಿಬಿಟ್ಟು ಹೇಳುವ ಮಾತೂ ಅಲ್ಲ ಅದು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಹಗಲು ಹೊತ್ತು ಅವಳ ಬೆನ್ನು ನೆಲಕ್ಕೆ ತಾಗಿದ್ದು ಈ ಚಾಪೆಯ ಮೇಲೆ ಮಾತ್ರ.

ಮಹಾಗಣಪತಿಗೆ ತೊಗರಿಬೇಳೆಗೂ ಕಡ್ಲೆಬೇಳೆಗೂ ವ್ಯತ್ಯಾಸ ತಿಳಿಯದು. ಆದರೆ ಹಳೆಯ ಡಬ್ಬಗಳು ಅವನಿಗೆ ತಿಳಿದಿದ್ದವು. ಆನೆ ಚಿತ್ರದ ಚಾಪುಡಿ ಡಬ್ಬದಲ್ಲಿ ಸಾಸಿವೆ. ನೆಗ್ಗಿದ ವನಸ್ಪತಿ ಡಬ್ಬದಲ್ಲಿ ತೊಗರಿಬೇಳೆ. ಮುಚ್ಚಳ ಕಳೆದುಹೋಗಿ ತಟ್ಟೆ ಮುಚ್ಚಿದ್ದರಲ್ಲಿ ಬೆಲ್ಲ. ಅವನು ಕೇಳದೆಯೇ ಅಡಿಗೆ ಮುಗಿಸುತ್ತಿದ್ದ. ಅವಳು ನಿದ್ದೆ ಮಾಡುತ್ತಿದ್ದಳು.

ಎಂಜಿನಿಯರರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗ ಅಲ್ಲಿ ಸಾಲಾಗಿ ನಿಂತಿದ್ದ ಒಂದೇ ಅಳತೆಯ ಡಬ್ಬಗಳನ್ನು ಕಂಡಳು. ಆಮೇಲೆ ತನ್ನ ಅಡಿಗೆಮನೆ ಸಂತೆಯ ಹಾಗೆ ಕಾಣತೊಡಗಿತು. ಎರಡು ವರ್ಷ ಹೇಳಿ ಹೇಳಿ, ಹೋದ ತಿಂಗಳು ಗಂಡನ ಜೊತೆ ಸಾಗರದ ಪೇಟೆಗೆ ಹೋದಳು. ಅಲ್ಯೂಮಿನಿಯಂ ಡಬ್ಬಗಳನ್ನು ಬೆಳಕಿಗೆ ಹಿಡಿದಳು, ಬೆರಳಿನಿಂದ ತಟ್ಟಿದಳು, ಇದರ ಮುಚ್ಚಳ ಅದಕ್ಕೆ, ಅದರದ್ದು ಇದಕ್ಕೆ ಹಾಕಿ ನೋಡಿದಳು. “ಮದುವೆ ಗಂಡನ್ನೂ ಇಷ್ಟು ನೋಡಿರ್ಲಿಕ್ಕಿಲ್ಲ ಅಮ್ಮ ನೀವು,” ಎಂದ ಅಂಗಡಿಯವನು. “ನೋಡಿದ್ದಿಲ್ಲೆ,” ಎಂದು ಮಹಾಗಣಪತಿಯೇ ನಕ್ಕ. ಯಾವ ಮುಚ್ಚಳ ಯಾವುದಕ್ಕೆ ಹಾಕಿದರೂ ಕೂರುವ ಹನ್ನೆರಡನ್ನು ಆರಿಸಿಕೊಂಡು ಬಂದಳು. ಚೀಟಿ ಬರೆದು ಮುಚ್ಚಳಗಳ ಮೇಲೆ ಅಂಟಿಸಿದಳು. ಹಳೆಯವನ್ನು ಪಕ್ಕದ ಮನೆಯ ತೀರ್ಥಹಳ್ಳಿ ಕಡೆಯ ದುಗ್ಗಮ್ಮ ಕೇಳಿ ಒಯ್ದು, ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಡೇರೆ ಹೂವಿನ ಗೆಡ್ಡೆ ಹಾಕಿ ಬೇಲಿಯ ಬುಡದಲ್ಲಿಟ್ಟಳು.

ನಿನ್ನೆ ಮಹಾಗಣಪತಿ ಸಾರಿಗೆಂದು ಒಂದೊಂದೇ ಡಬ್ಬ ತೆಗೆಯುತ್ತ ಹನ್ನೆರಡನ್ನೂ ತೆಗೆದ. ಆಮೇಲೆ ಕೈಗೆ ಸಿಕ್ಕ ಮುಚ್ಚಳವನ್ನು ಸಿಕ್ಕ ಡಬ್ಬಕ್ಕೆ ಹಾಕಿದ. ಎಲ್ಲವೂ ಗಟ್ಟಿಯಾಗಿ ಕೂತವು. ಅಲ್ಲಿಂದ ಚೀಟಿಯೊಂದು, ಒಳಗಿರುವುದೊಂದು. ಅವಳು ಎದ್ದು ಹೋಗಿ ಸರಿ ಮಾಡುವಂತಿಲ್ಲ. ಮಧ್ಯಾಹ್ನದಿಂದ ಕತ್ತಲಾಗುವತನಕ ಹತ್ತಾರು ಸಲ ಕೂಗಿದ್ದ. ನಿನ್ನೆಯ ದಿನ ಹಾಗೆ ಹೋಯಿತು.

ಒಳಗೆ ಮುಚ್ಚಳವೊಂದು ಬಿದ್ದು ನೆಲದ ಮೇಲೆ ಗಿರಗಿರನೆ ಸುತ್ತಿತು.

“ಏ, ಜೀರಿಗೆ ಅಂತ ಬರದ್ರಲ್ಲಿ ಮೆಂತೆ ಇದ್ದಲೆ!”

“ಮೇಲಿನ ಸಾಲು, ಕಿಟಕಿ ಬದಿಯಿಂದ ಮೂರ್ನೇದು ನೋಡಿ.”

“ಅದ್ರಲ್ಲಿ ಉಪ್ಪಿದ್ದು!”

ಬೇಲಿಯಾಚೆಯಿಂದ ದುಗ್ಗಮ್ಮ ಇಣುಕಿದಳು. “ಏನ್ ಪುಷ್ಪಮ್ಮೋರೆ, ನಿಮ್ಮನೆಯೋರು ಅಡಿಗೆ ಮಾಡ್ತಿದಾರಾ, ಜಾಗಟೆ ಬಾರಿಸ್ತಿದಾರಾ? ಪುಣ್ಯವಂತ್ರು ನೀವು, ಆರಾಮಾಗಿ ಮಲಗಿದೀರಿ.”

ಪುಷ್ಪಮ್ಮ ನಗಲು ನೋಡಿದಳು. ಕಣ್ಣು ಉರಿಯುತ್ತಿತ್ತು. ಇವತ್ತೂ ಹೀಗೇ ಹೋದರೆ ಉಳಿಯುವುದು ನಾಳೆಯೊಂದೇ. ಆಮೇಲೆ ಮತ್ತೆ ಒಂದು ತಿಂಗಳು.

“ಏ, ಕೇಳ್ತಾ? ಸಾಸ್ವೆ ಎಲ್ಲಿದ್ದು? ಎಣ್ಣೆ ಕಾದು ಹೊಗೆ ಬತ್ತಾ ಇದ್ದು!”

“ಸಾಸ್ವೆಯಾ,” ಎಂದಳು ಅವಳು, ಹನ್ನೊಂದು ವರ್ಷದ ರೂಢಿಯಲ್ಲಿ, “ಆನೆ ಡಬ್ಬದಲ್ಲಿ—”

ಬೇಲಿಯ ಬುಡದಲ್ಲಿ ಆನೆ ಸೊಂಡಿಲೆತ್ತಿ ನಿಂತಿತ್ತು. ಅದರ ಬೆನ್ನ ಮೇಲೆ ಡೇರೆಯ ಎರಡು ಎಳೆ ಎಲೆ. ಪುಷ್ಪಮ್ಮ ಎದ್ದಳು. ಚಾಪೆ ಸುತ್ತಿ ಕಂಕುಳಿಗಿಟ್ಟುಕೊಂಡಳು.

“ಎಂತ ಹೇಳ್ದೆ? ಯಾವುದ್ರಲ್ಲಿ?”

“ಕೆಳಗಿನ ಸಾಲು, ಬಾಗಿಲ ಕಡೆಯಿಂದ ಎರಡು ಬಿಟ್ಟು, ಅದರ ಹಿಂದೆ ಇಪ್ಪದು...” ಎನ್ನುತ್ತಲೇ ಮೆಟ್ಟಿಲಿಳಿದು, ಹಿಂದಿನ ಹಲಸಿನ ಮರದ ಕಡೆಗೆ, ಕೂಗಿದರೂ ಕೇಳದಷ್ಟು ದೂರಕ್ಕೆ ನಡೆದಳು.