‘ಕಟ್’ ಅಂದರೆ ಬಿಡದ ಹುಡುಗಿಯರು

ಉಚ್ಚೆಂಗೆಪ್ಪ ಮೇಷ್ಟ್ರು ಸೀಟಿ ಊದಿದರೆ ಅತ್ತ ಮೋಕಾ ಊರಿನ ಹೊಲದಲ್ಲಿ ಉಳುತ್ತಿದ್ದ ಎತ್ತುಗಳು ಗಕ್ಕನೆ ನಿಲ್ಲುತ್ತಿದ್ದವು. ನಿಲ್ಲದವರೆಂದರೆ ಅವರದೇ ಕಬಡ್ಡಿ ತಂಡದ ಹುಡುಗಿಯರು. ದೇಶನೂರು ಕಡೆಯ ಆ ಹೈಸ್ಕೂಲಿಗೆ ಮೇಷ್ಟ್ರು ದೈಹಿಕ ಶಿಕ್ಷಕರಾಗಿ ಬಂದಾಗಿನಿಂದ ತಂಡ ಸಿರುಗುಪ್ಪದಲ್ಲಿ ಸೋತಿತ್ತು, ಕುರುಗೋಡಿನಲ್ಲಿ ಸೋತಿತ್ತು, ಎದುರಾಳಿಗಳು ಬಾರದೇ ಹೋದ ಒಂದು ಪಂದ್ಯವನ್ನೂ ಹೇಗೋ ಸೋತು ಬಂದಿತ್ತು. ತಪ್ಪು ಮೈದಾನದ್ದು. ಎರೆಮಣ್ಣು ಬಿಸಿಲಿಗೆ ಕಲ್ಲಾಗಿ, ಬಿದ್ದವರ ಚರ್ಮವನ್ನು ಅಲ್ಲೇ ಇಟ್ಟುಕೊಳ್ಳುತ್ತಿತ್ತು. ಅದಕ್ಕೇ ಹುಡುಗಿಯರು ರೈಡಿಗೆ ಬಂದವಳನ್ನು ಹಿಡಿಯದೆ, ಬೀಗರನ್ನು ಕಳಿಸಿಕೊಟ್ಟಂತೆ ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದರು. ಮೆತ್ತನೆಯದೊಂದು ಮ್ಯಾಟ್ ಸಿಕ್ಕರೆ ಸಾಕೆಂದು ಮೇಷ್ಟ್ರು ಕಾಣದ ದೇವರಿಗೂ ಅರ್ಜಿ ಹಾಕಿದ್ದರು.

ಒಂದು ದಿನ ಮ್ಯಾಟ್ ಬಂತು, ಬಳ್ಳಾರಿಯ ಸಮ್ರಾಟನ ಗಾಡಿಯಲ್ಲಿ. ಗೆಳೆಯರನ್ನು ಕೂಡಿಸಿಕೊಂಡು ಶಾಲೆಯ ಕಬಡ್ಡಿ ತಂಡವೊಂದರ ನಗೆ ಸಿನಿಮಾ ತೆಗೆಯುತ್ತಿದ್ದ ಹುಡುಗ ಅವನು. ಕೊನೆಯ ದೃಶ್ಯದಲ್ಲಿ ಇವರ ಹುಡುಗಿಯರು ನಾಯಕಿಯ ಎದುರು ಸೋತುಕೊಟ್ಟರೆ ಮ್ಯಾಟ್ ಶಾಲೆಗೇ ಬಿಡುವುದೆಂದು ಮಾತಾಯಿತು.

“ಸೋಲಾಕ? ಅದರಾಗ ನಮ್ಮವರು ಡಿಗ್ರಿ ಮಾಡ್ಯಾರಪ್ಪ,” ಎಂದರು ಮೇಷ್ಟ್ರು.

ನಾಯಕಿ ಅಕ್ಷಿತಾ ಕಬಡ್ಡಿ ಕಬಡ್ಡಿ ಎನ್ನುತ್ತ ಒಳಬಂದಳು. ಕಾಲು ಜಾರಿತು. ಸಮ್ರಾಟ್ “ಕಟ್!” ಎಂದ. ಏಳೂ ಹುಡುಗಿಯರು ಹಾರಿ ಅವಳ ಮೇಲೆ ಬಿದ್ದರು.

“ಕಟ್! ಕಟ್! ಏ, ಕಟ್ ಅಂದ್ನೆಲ್ಲ!”

ಅವನು ಅಂದಷ್ಟೂ ಹಿಡಿತ ಬಿಗಿಯಾಯಿತು. ಅಡಿಯಲ್ಲಿ ನಾಯಕಿ ಇದ್ದಾಳೆನ್ನಲು ಹೊರಗೆ ಉಳಿದದ್ದು ಜಡೆಯ ತುದಿಯೊಂದೇ. ಕ್ಯಾಪ್ಟನ್ ಹೊನ್ನೂರಮ್ಮ ಗುಂಪಿನೊಳಗಿಂದ ತಲೆಯೆತ್ತಿದಳು. “ಸರ್, ಇನ್ನೂ ಎಷ್ಟು ಕಟ್ಟಬೇಕ್ರಿ?”

ಮೇಷ್ಟ್ರು ಬೆಪ್ಪಾದರು. ಇಷ್ಟು ವರ್ಷ ಗೆರೆಯ ಹೊರಗೆ ನಿಂತು ‘ಕಟ್ಟ್! ಕಟ್ಟ್!’ ಎಂದು, ಅಂದರೆ ಬಿಗಿಯಾಗಿ ಹಿಡಿಯಿರೆಂದು, ಗಂಟಲು ಹರಿದುಕೊಂಡವರು ಅವರೇ. ಹುಡುಗಿಯರು ಎಲ್ಲವನ್ನೂ ಕೇಳಿಸಿಕೊಂಡಿದ್ದರು! ಬೀಳಲು ಮೆತ್ತನೆಯ ಜಾಗ ಇರಲಿಲ್ಲ, ಅಷ್ಟೇ.

“ಸರ್, ಕಟ್ ಅಂದ್ರ ಬಿಡಬೇಕು ಅಂತ ಅವರಿಗೆ ಹೇಳ್ರಿ,” ಎಂದ ಸಮ್ರಾಟ್. “ಹೊತ್ತು ಮುಣಗಿದ್ರ ಶಾಟ್ ಇಲ್ಲ, ಮ್ಯಾಟೂ ಇಲ್ಲ.”

ಮೇಷ್ಟ್ರು ಮ್ಯಾಟನ್ನೊಮ್ಮೆ ನೋಡಿದರು, ಹುಡುಗಿಯರನ್ನೊಮ್ಮೆ ನೋಡಿದರು. ಮುಂದಿನ ವಾರ ಸಿರುಗುಪ್ಪದಲ್ಲಿ ತಾಲ್ಲೂಕು ಪಂದ್ಯ.

“ಆಗಂಗಿಲ್ಲಪ್ಪ. ಇವರ ತಲಿಗೆ ಹತ್ತಿದ್ದು ಇದೊಂದೇ ಮಾತು. ಅದನ್ನ ಉಲ್ಟಾ ಕಲಿಸಂಗಿಲ್ಲ. ಬೇಕಾದ್ರ ನಿನ್ನ ಮ್ಯಾಟ್ ಸುತ್ತಿಕೊಂಡು ಹೋಗು.”

“ಕಟ್ ಅನ್ನಲಾರ್ದ ಸಿನಿಮಾ ಹ್ಯಾಂಗ್ ತೆಗೀಲಿ ಸರ್?”

“ಸಾಕು ಅನ್ನು ಲೇ. ನಿಮ್ಮವ್ವ ಅನ್ನ ನೀಡುವಾಗ ಕಟ್ ಅಂತೀಯೇನು?”

“ಮೊದ್ಲು ಈಗ ಸಾಕು ಅನ್ರೋ!” ಎಂದಿತು ಜಡೆ.

ಸೂರ್ಯ ಗದ್ದೆಯ ಅಂಚಿಗೆ ಇಳಿದಿದ್ದ. ಸಮ್ರಾಟ್ ತಲೆ ಕೆರೆದುಕೊಂಡು “ಸಾಕ್ರವ್ವಾ” ಎಂದ. ಅಕ್ಷಿತಾ ಬಿಡುಗಡೆಯಾದಳು. ಮರು ಶಾಟಿನಲ್ಲಿ ಹುಡುಗಿಯರು ಎಷ್ಟು ಸೊಗಸಾಗಿ ಸೋತರೆಂದರೆ, ಕ್ಯಾಮೆರಾದವನು ಮೂಗು ಒರೆಸಿಕೊಂಡ.

ಗಾಡಿ ಬಳ್ಳಾರಿಯತ್ತ ಹೊರಟಿತು, ಮ್ಯಾಟ್ ಉಳಿಯಿತು. ಮೇಷ್ಟ್ರು ಬೂಟು ಕಳಚಿ ಗೆರೆಯ ಬಳಿ ನಿಂತರು. “ಬರ್ರವ್ವ, ನಾನೇ ರೈಡಿಗೆ ಬರ್ತೀನಿ. ಹಿಡೀರಿ ನೋಡೋಣ.”

ಹಿಡಿದರು. ಆಗ ಹಾರಿದ ಅವರ ಕನ್ನಡಕ ತುಂಗಭದ್ರೆ ದಾಟಿತೆಂದು ಕಂಡವರು ಹೇಳುತ್ತಾರೆ. ಏಳು ಮಂದಿಯ ಅಡಿಯಿಂದ ಮೇಷ್ಟ್ರ ದನಿ ಮಾತ್ರ ಮೇಲೆ ಬಂತು: “ಇನ್ನೊಂದ್ಸಲ!”